ಡಬ್ಬಿಯ ನಾರು, ತಟ್ಟೆಯ ನಾರು

ಕೆಲವು ವರ್ಷಗಳ ಹಿಂದಿನವರೆಗೆ ಮಹಾನಗರಗಳ ದೊಡ್ಡ ಮಳಿಗೆಗಳಲ್ಲಷ್ಟೇ ಕಾಣಸಿಗುತ್ತಿದ್ದ ಹಣ್ಣಿನ ನಾರಿನ ಪುಡಿಗಳು ಈಗ ಔಷಧಿ ಅಂಗಡಿ ಹಾಗೂ ಆನ್‌ಲೈನ್ ಮಾರಾಟದ ಮೂಲಕ ಬಸವಕಲ್ಯಾಣ, ಹುಮನಾಬಾದಿನಂಥ ತಾಲ್ಲೂಕು ಕೇಂದ್ರಗಳನ್ನೂ ತಲುಪುತ್ತಿವೆ. ಸೇಬಿನ ನಾರು, ಕಿತ್ತಳೆ ಸಿಪ್ಪೆಯ ನಾರು ಎಂದು ಬರುವ ಈ ಡಬ್ಬಿಗಳ ಜಾಹೀರಾತು ಮಲಬದ್ಧತೆಯಿಂದ ಮಧುಮೇಹದವರೆಗೆ ಎಲ್ಲಕ್ಕೂ ಪರಿಹಾರದ ಭರವಸೆ ನೀಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿದೆ. ಇಂಥ ದೇಶದಲ್ಲಿ ಅಂಥ ಭರವಸೆಗೆ ಗಿರಾಕಿಗಳ ಕೊರತೆಯಾಗದು. ಆದ್ದರಿಂದಲೇ ಎರಡು ಪ್ರಶ್ನೆಗಳನ್ನು ಕೇಳಬೇಕಾಗಿದೆ. ಈ ಪುಡಿ ನಿಜವಾಗಿ ಏನು ಮಾಡಬಲ್ಲದು? ಜೋಳ, ತೊಗರಿ, ಹೆಸರು ಬೆಳೆಯುವ ಬೀದರ್ ಜಿಲ್ಲೆಗೆ ಅದರ ಅಗತ್ಯವೇಕೆ ಬಿತ್ತು?

ಮೊದಲ ಪ್ರಶ್ನೆಗೆ ವಿಜ್ಞಾನದಲ್ಲಿ ಸ್ಪಷ್ಟ ಉತ್ತರವಿದೆ. ಹಣ್ಣಿನಿಂದ ತೆಗೆಯುವ ನಾರಿನಲ್ಲಿ ಮುಖ್ಯವಾದುದು ಪೆಕ್ಟಿನ್. ಫ್ರಾನ್ಸಿನ ರಸಾಯನ ವಿಜ್ಞಾನಿ ಹೆನ್ರಿ ಬ್ರಾಕೊನೊ 1825ರಲ್ಲಿ ಇದಕ್ಕೆ ಹೆಸರಿಟ್ಟರು. ರಸ ಹಿಂಡಿದ ಮೇಲೆ ಉಳಿಯುವ ಸೇಬಿನ ಚರಟ ಮತ್ತು ಕಿತ್ತಳೆ, ನಿಂಬೆ ಜಾತಿಯ ಸಿಪ್ಪೆಗಳೇ ಇದರ ಮೂಲ. ನೀರಿನಲ್ಲಿ ಕರಗಿ ಅಂಟಾಗುವ ಈ ನಾರು ಕರುಳಿನಲ್ಲಿ ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಪಿತ್ತಾಮ್ಲಗಳನ್ನು ಹಿಡಿದು ಹೊರಹಾಕುವುದರಿಂದ, ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಇದು ಆಹಾರ.

ಆದರೆ ಈ ಉಪಕಾರಕ್ಕೆ ಪ್ರಮಾಣದ ಷರತ್ತು ಇದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಪೆಕ್ಟಿನ್ ಕುರಿತ ಪುರಾವೆಗಳನ್ನು ಪರಿಶೀಲಿಸಿತು. ಕೊಲೆಸ್ಟರಾಲ್ ಹತೋಟಿಗೆ ದಿನಕ್ಕೆ ಕನಿಷ್ಠ 6 ಗ್ರಾಂ, ಊಟದ ನಂತರದ ಸಕ್ಕರೆಯ ಏರಿಕೆಯನ್ನು ತಗ್ಗಿಸಲು ಊಟವೊಂದಕ್ಕೆ 10 ಗ್ರಾಂ ಬೇಕೆಂದು ಅದು ಹೇಳಿತು. ಹೊಟ್ಟೆ ತುಂಬಿದಂತಾಗಿ ತಿನ್ನುವುದು ಕಡಿಮೆಯಾಗುತ್ತದೆ ಎಂಬ ಪ್ರತಿಪಾದನೆ ಸಾಬೀತಾಗಿಲ್ಲವೆಂದೂ ಹೇಳಿತು. ಒಂದೆರಡು ಗ್ರಾಂ ನಾರಿರುವ ಮಾತ್ರೆಗಳು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಅಂದರೆ, ಸರಿಯಾದ ಪ್ರಮಾಣದಲ್ಲಿ ಸೇವಿಸಿದರೆ ಹಣ್ಣಿನ ನಾರು ಚಿಕಿತ್ಸೆಗೆ ಪೂರಕವಾಗಬಲ್ಲದು. ಚಿಕಿತ್ಸೆಯ ಸ್ಥಾನವನ್ನು ಅದು ತುಂಬಲಾರದು.

ಅಪಾಯವಿರುವುದು ಇಲ್ಲಿಯೇ. ಪುಡಿಯನ್ನು ನಂಬಿ ಮಧುಮೇಹದ ಮಾತ್ರೆ ನಿಲ್ಲಿಸಿದವರು ತೆರುವ ಬೆಲೆ ದೊಡ್ಡದು. ಸಾಕಷ್ಟು ನೀರು ಕುಡಿಯದೆ ನಾರಿನ ಪುಡಿ ಸೇವಿಸಿದರೆ ಮಲಬದ್ಧತೆ ಹೆಚ್ಚುತ್ತದೆ. ಗಂಟಲಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಥೈರಾಯ್ಡ್ ಮಾತ್ರೆಯಂಥ ಕೆಲವು ಔಷಧಿಗಳು ನಾರಿನೊಂದಿಗೆ ಸೇರಿದರೆ ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ನಡುವೆ ಕೆಲವು ಗಂಟೆಗಳ ಅಂತರ ಬೇಕು. 2016ರ ನಿಯಮಾವಳಿಯ ಪ್ರಕಾರ ಇಂಥ ಪೂರಕಗಳ ಮೇಲೆ ‘ಔಷಧಿಯಾಗಿ ಬಳಸುವಂತಿಲ್ಲ’ ಎಂಬ ಸೂಚನೆ ಇರಲೇಬೇಕು. ಆದರೆ ಆಹಾರದ ಪೊಟ್ಟಣಗಳ ಮೇಲಿನ ಬರಹ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಕಾನೂನಿಗೆ ಸಾಕು. ಕನ್ನಡ, ಮರಾಠಿ, ಉರ್ದು ಓದುವ ಗಡಿಭಾಗದ ಹಿರಿಯರಿಗೆ ಆ ಎಚ್ಚರಿಕೆ ಇದ್ದೂ ಇಲ್ಲದಂತೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿರದ ಮಾರುಕಟ್ಟೆಯಲ್ಲಿ ಬೆಲೆ ನ್ಯಾಯವಾಗಿರುವುದಿಲ್ಲ ಎಂಬುದು ಅರ್ಥಶಾಸ್ತ್ರದ ಪ್ರಾಥಮಿಕ ಪಾಠ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ಎರಡು ಸಾವಿರ ಕ್ಯಾಲೊರಿಯ ಆಹಾರದಲ್ಲಿ ದಿನಕ್ಕೆ ಸುಮಾರು 30 ಗ್ರಾಂ ನಾರು ಇರಬೇಕೆಂಬುದು ನಮ್ಮ ತಜ್ಞರ ಶಿಫಾರಸು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳನ್ನು ತೆರೆದು ನೋಡಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ತೊಗರಿಬೇಳೆಯಲ್ಲಿ 9 ಗ್ರಾಂ, ಪೇರಲ ಹಣ್ಣಿನಲ್ಲಿ ಎಂಟೂವರೆ ಗ್ರಾಂ ನಾರಿದೆ. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು 3 ಗ್ರಾಮಿಗೂ ಕಡಿಮೆ. ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, ಐವತ್ತು ಗ್ರಾಂ ಬೇಳೆ, ಒಂದು ಪೇರಲ ಹಣ್ಣು ಸೇರಿದರೆ 20 ಗ್ರಾಂ ದಾಟುತ್ತದೆ. ಸೊಪ್ಪು, ತರಕಾರಿ, ಮೊಳಕೆ ಕಾಳು ಉಳಿದುದನ್ನು ತುಂಬುತ್ತವೆ. ಅನುಮಾನವಿದ್ದವರು ಡಬ್ಬಿಯ ಬೆಲೆಯನ್ನು ಅದರಲ್ಲಿರುವ ನಾರಿನ ಗ್ರಾಮುಗಳಿಂದ ಭಾಗಿಸಿ, ಸಂತೆಯ ಜೋಳ ಮತ್ತು ಪೇರಲದ ಲೆಕ್ಕದೊಡನೆ ಹೋಲಿಸಬಹುದು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಉಣ್ಣುವ ಹಸಿಕಾಳು, ಸೊಪ್ಪಿನ ಭಜ್ಜಿ ಮತ್ತು ಅಂಬಲಿ ಈ ಸೀಮೆಯ ಜನ ಯಾವ ಕೋಷ್ಟಕವನ್ನೂ ನೋಡದೆ ಕಂಡುಕೊಂಡ ಸಮತೋಲನ.

ಆ ತಟ್ಟೆ ಬದಲಾದದ್ದಕ್ಕೆ ಜನರನ್ನಷ್ಟೇ ದೂಷಿಸುವುದು ಸರಿಯಲ್ಲ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಬಡವರ ಹಸಿವನ್ನು ತಗ್ಗಿಸಿದೆ. ಅದು ಸಣ್ಣ ಸಾಧನೆಯಲ್ಲ. ಆದರೆ ಅಕ್ಕಿ ಅಗ್ಗವಾದಾಗ ಜೋಳ ತುಟ್ಟಿಯೆನಿಸಿತು. ಹೊಲದಲ್ಲಿ ಸೋಯಾಬೀನ್, ಕಬ್ಬು ಹೆಚ್ಚು ಆದಾಯದ ಆಸೆ ತೋರಿದವು. ರೊಟ್ಟಿ ಬಡಿಯುವ ಶ್ರಮ ಪೂರ್ತಿಯಾಗಿ ಹೆಂಗಸರ ಪಾಲಿಗೇ ಬಿದ್ದಿದ್ದಾಗ, ಕೂಲಿಗೆ ಹೋಗಿ ಬಂದವಳು ಅನ್ನಕ್ಕೆ ಇಟ್ಟು ಮುಗಿಸಿದಳೆಂದರೆ ತಪ್ಪು ಹುಡುಕುವವರು ಒಮ್ಮೆ ಹಿಟ್ಟು ನಾದಿ ನೋಡಬೇಕು. ಹೀಗೆ ತಟ್ಟೆಯಿಂದ ಹೊರಬಿದ್ದ ನಾರೇ ಈಗ ಡಬ್ಬಿಯಲ್ಲಿ ಮರಳಿ ಬರುತ್ತಿದೆ.

ಸರಿಪಡಿಸುವ ದಾರಿಗಳು ಆಡಳಿತದ ಕೈಯಳತೆಯಲ್ಲೇ ಇವೆ. ಕಲ್ಯಾಣ ಕರ್ನಾಟಕದ ಪಡಿತರದಲ್ಲಿ ಅಕ್ಕಿಯ ಒಂದು ಪಾಲನ್ನು ಸ್ಥಳೀಯವಾಗಿ ಖರೀದಿಸಿದ ಜೋಳ ಮತ್ತು ತೊಗರಿಗೆ ಕಾಯಂ ಆಗಿ ಮೀಸಲಿಡಬೇಕು. ‘ಅಕ್ಷರ ದಾಸೋಹ’ 2002ರಲ್ಲಿ ಮೊದಲು ಜಾರಿಗೆ ಬಂದದ್ದೇ ಬೀದರ್ ಸೇರಿದಂತೆ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ, ಇಲ್ಲವೇ ಬಾಳೆಹಣ್ಣು ಕೊಡುವ ಕ್ರಮವೂ ಈ ಭಾಗದಿಂದಲೇ ಶುರುವಾಯಿತು. ಅದರ ಜೊತೆಗೆ ಹಂಗಾಮಿನಲ್ಲಿ ಪೇರಲ, ಸೀತಾಫಲವನ್ನೂ ಕೊಡುವುದು ಕಷ್ಟವೇನಲ್ಲ. ನೆರೆಯ ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳು ರೊಟ್ಟಿಯನ್ನು ಜಿಲ್ಲೆಯ ಹೆಸರಿನಲ್ಲೇ ಮಾರುಕಟ್ಟೆಗೆ ತಂದಿವೆ. ಹುಮನಾಬಾದಿಗೆ ಪುಣೆ–ಹೈದರಾಬಾದ್ ಹೆದ್ದಾರಿಯ ಅನುಕೂಲವೂ ಇದೆ. ಇನ್ನು ಡಬ್ಬಿಗಳ ಮೇಲಿನ ಎಚ್ಚರಿಕೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿರಬೇಕೆಂದು ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಬಳಸುವ ಇಚ್ಛೆ ಬೇಕು.

ವೈದ್ಯರ ಸಲಹೆಯಂತೆ ಅಳತೆಯರಿತು ಹಣ್ಣಿನ ನಾರಿನ ಪುಡಿ ಸೇವಿಸುವವರನ್ನು ಯಾರೂ ತಡೆಯಬೇಕಿಲ್ಲ. ಹಲ್ಲಿಲ್ಲದ ವೃದ್ಧರಿಗೆ, ಊಟ ಸೇರದ ರೋಗಿಗಳಿಗೆ ಅದರಿಂದ ನೆರವಾಗಬಹುದು. ಆದರೆ ಕಾಯಕದ ಜೊತೆಗೆ ದಾಸೋಹವನ್ನೂ ಕಲಿಸಿದ ಬಸವಕಲ್ಯಾಣದ ನೆಲದಲ್ಲಿ, ಆರೋಗ್ಯಕರ ಊಟ ದುಡ್ಡಿದ್ದವರು ಕೊಳ್ಳುವ ಡಬ್ಬಿಯಾಗಿ ಉಳಿಯಬಾರದು. ಅದು ಎಲ್ಲರ ತಟ್ಟೆಗೂ ಬರುವಂತೆ ಮಾಡುವುದು ಸರ್ಕಾರದ ಹೊಣೆ. ಬಂದುದನ್ನು ಬಿಡದೆ ಉಳಿಸಿಕೊಳ್ಳುವುದು ನಮ್ಮೆಲ್ಲರ ಹೊಣೆ.