ಎತ್ತರದ ಗೋಪುರದ ಮೇಲೆ ಮೊಬೈಲ್ ಹಿಡಿದರೆ ಸಿಡಿಲು ಬಡಿಯುತ್ತದೆಯೇ?

ಗುಡುಗಿನ ಕಾಲ ಬಂತೆಂದರೆ ಎರಡು ಫಾರ್ವರ್ಡ್‌ಗಳು ತಪ್ಪದೇ ಬರುತ್ತವೆ. ಒಂದು, ದುಬೈನ ಬುರ್ಜ್ ಖಲೀಫಾದ ತುದಿಗೆ ಮಿಂಚು ಬಡಿಯುವ ವಿಡಿಯೊ. ಇನ್ನೊಂದು ಜೈಪುರದ ಕೋಟೆಯ ಚಿತ್ರ, ಜೊತೆಗೆ ಒಂದು ಎಚ್ಚರಿಕೆ: ಸೆಲ್ಫಿ ತೆಗೆಯುತ್ತಿದ್ದವರ ಮೊಬೈಲ್ ಸಿಡಿಲನ್ನು ಎಳೆದುಕೊಂಡಿತು, ಎತ್ತರದ ಜಾಗದಲ್ಲಿ ಫೋನ್ ಆಫ್ ಮಾಡಿ, ಎಲ್ಲ ಗ್ರೂಪ್‌ಗಳಿಗೂ ಕಳಿಸಿ.

ಮೊದಲನೆಯದರಲ್ಲಿ ಅಚ್ಚರಿ ಏನಿಲ್ಲ. 828 ಮೀಟರ್ ಎತ್ತರದ ಕಟ್ಟಡಕ್ಕೆ ಸಿಡಿಲು ಬಡಿಯದಿದ್ದರೇ ಅಚ್ಚರಿ. ಎರಡನೆಯದು ಅರ್ಧ ಸತ್ಯ. ಉಳಿದರ್ಧ ಸುಳ್ಳು ಜೀವಕ್ಕೇ ಕುತ್ತು ತರಬಹುದು. ಏಕೆಂದರೆ ಅದನ್ನು ನಂಬಿದವರು ಫೋನ್ ಆಫ್ ಮಾಡಿ, 'ಇನ್ನೇನೂ ಭಯವಿಲ್ಲ' ಎಂದು ಅಲ್ಲೇ ನಿಂತುಬಿಡುತ್ತಾರೆ.

ಜೈಪುರದಲ್ಲಿ ನಡೆದದ್ದು ನಿಜ. 2021ರ ಜುಲೈ 11ರಂದು ಆಮೇರ್ ಕೋಟೆಯ ಬಳಿಯ ಗುಡ್ಡದ ಕಾವಲು ಬುರುಜಿಗೆ ಸಿಡಿಲು ಬಡಿದು ಕನಿಷ್ಠ 11 ಮಂದಿ ಸತ್ತರು. ಮಳೆಯಲ್ಲಿ ಹಲವರು ಸೆಲ್ಫಿ ತೆಗೆಯುತ್ತಿದ್ದರೆಂದು ಅಂದಿನ ವರದಿಗಳಲ್ಲಿತ್ತು. ಫಾರ್ವರ್ಡ್ ಹುಟ್ಟಿದ್ದು ಆ 'ಸೆಲ್ಫಿ' ಎಂಬ ಪದದಿಂದ.

ಮುಂಡಗೋಡ ತಾಲ್ಲೂಕಿನ ಇಂದೂರಿನಂಥ ಊರಿನಲ್ಲಿ ಕೂತು ಓದುವವರಿಗೆ ಇದೆಲ್ಲ ದೂರದ ಮಾತು ಅನ್ನಿಸಬಹುದು. ಆದರೆ ಪ್ರವಾಸ ಹೊರಟರೆ ನಾವೆಲ್ಲ ಒಂದಲ್ಲ ಒಂದು ಎತ್ತರ ಹತ್ತಿಯೇ ಹತ್ತುತ್ತೇವೆ. ಉತ್ತರ ಕನ್ನಡ ಜಿಲ್ಲೆಯಲ್ಲೇ ಇರುವ ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರವನ್ನು ಲಿಫ್ಟಿನಲ್ಲಿ ಏರಿ ಸಮುದ್ರ ನೋಡುತ್ತೇವೆ. ವಿಜಯಪುರಕ್ಕೆ ಹೋದವರು ಗೋಳಗುಮ್ಮಟದ ಜೊತೆಗೆ ಉಪ್ಲಿ ಬುರುಜನ್ನೂ ಹತ್ತುತ್ತಾರೆ. 16ನೇ ಶತಮಾನದ, ಸುಮಾರು 24 ಮೀಟರ್ ಎತ್ತರದ ಈ ಕಾವಲು ಗೋಪುರಕ್ಕೆ ಹೊರಗಿನಿಂದ ಸುತ್ತುವ ಕಲ್ಲಿನ ಮೆಟ್ಟಿಲಿದೆ, ನೆತ್ತಿಯ ಮೇಲೆ ಬಯಲಿನಲ್ಲೇ ತೋಪುಗಳಿವೆ. ಬೆಂಗಳೂರಿನಲ್ಲಿ 250 ಮೀಟರ್ ಎತ್ತರದ ಸ್ಕೈಡೆಕ್ ಕಟ್ಟಲು ರಾಜ್ಯ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಶಾಲೆಗೆ ರಜೆ ಸಿಗುವುದು ಏಪ್ರಿಲ್, ಮೇನಲ್ಲಿ. ನಮ್ಮಲ್ಲಿ ಗುಡುಗು ಸಿಡಿಲಿನ ಅಬ್ಬರ ಹೆಚ್ಚುವುದೂ ಮುಂಗಾರಿಗೆ ಮೊದಲಿನ ಅದೇ ತಿಂಗಳುಗಳಲ್ಲಿ. ಮೋಡ ಕಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ನಾವು 'ಬಿಸಿಲು ಇಳಿಯಲಿ, ಸಂಜೆ ಹತ್ತೋಣ' ಎಂದುಕೊಳ್ಳುವ ಹೊತ್ತಿಗೆ ಸರಿಯಾಗಿ.

ಸಿಡಿಲು ಜಾಗ ಆರಿಸಿಕೊಳ್ಳುವುದು ಹೇಗೆ?

ಮೋಡದ ತಳದಲ್ಲಿ ಸೇರಿಕೊಂಡ ವಿದ್ಯುದಾವೇಶ ನೆಲದತ್ತ ಒಂದೇ ನೆಗೆತಕ್ಕೆ ಬರುವುದಿಲ್ಲ. ಕತ್ತಲೆಯಲ್ಲಿ ಕೋಲೂರಿ ದಾರಿ ತಡವುವವರ ಹಾಗೆ ಹತ್ತಾರು ಮೀಟರ್ ಉದ್ದದ ಹೆಜ್ಜೆಗಳಲ್ಲಿ, ಕವಲೊಡೆಯುತ್ತ ಇಳಿಯುತ್ತದೆ. ಕೆಳಗೆ ಏನಿದೆ ಎಂಬುದು ಆರಂಭದಲ್ಲಿ ಲೆಕ್ಕಕ್ಕೇ ಇಲ್ಲ. ನೆಲ ಹತ್ತಿರವಾದಾಗ ಮರ, ಕಂಬ, ಗೋಪುರ, ಬಯಲಲ್ಲಿ ನಿಂತ ಮನುಷ್ಯ, ಹೀಗೆ ಎತ್ತರವಿರುವ ಪ್ರತಿಯೊಂದರ ತುದಿಯಿಂದಲೂ ಸಣ್ಣ ವಿದ್ಯುತ್ ಎಳೆಗಳು ಮೇಲಕ್ಕೆ ಏಳುತ್ತವೆ. ಇಳಿಯುವ ಕವಲಿಗೆ ಯಾವ ಎಳೆ ಮೊದಲು ಸಿಗುತ್ತದೋ ಅಲ್ಲಿ ಸಿಡಿಲು. ಹಾಗಾಗಿ ಮುಖ್ಯವಾದದ್ದು ಎತ್ತರ, ತುದಿಯ ಮೊನಚು, ಸುತ್ತ ಬೇರೇನೂ ಇಲ್ಲದಿರುವುದು. ಅಂಗೈಯಗಲದ ಫೋನ್ ಆಗಲಿ, ಕೈಗಡಿಯಾರ, ಬೀಗದ ಕೈಗಳಾಗಲಿ ಈ ಲೆಕ್ಕವನ್ನು ಬದಲಿಸುವುದಿಲ್ಲ. ಫೋನಿನ ರೇಡಿಯೊ ತರಂಗಗಳು ತೀರಾ ದುರ್ಬಲ; ಅವು ಗಾಳಿಯಲ್ಲಿ ವಿದ್ಯುತ್ತಿಗೆ ದಾರಿ ಮಾಡಿಕೊಡಲಾರವು. ಫೋನ್ ಆನ್ ಇದ್ದರೂ ಅಷ್ಟೇ, ಆಫ್ ಇದ್ದರೂ ಅಷ್ಟೇ.

ತುಂಬ ಎತ್ತರದ ಗೋಪುರಗಳಲ್ಲಿ ಇನ್ನೊಂದು ಸೋಜಿಗವಿದೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರಲ್ಲಿ ತೆರೆಯಿತು. ಅದೇ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು ಅದರ ತುದಿಗೆ ಕ್ಯಾಮೆರಾ ಹಿಡಿದು ಕಾದು ಕುಳಿತರು. ಅಲ್ಲಿ ಎಷ್ಟೋ ಮಿಂಚುಗಳು ಮೋಡದಿಂದ ಇಳಿಯದೆ ಕಟ್ಟಡದ ತುದಿಯಿಂದಲೇ ಹೊರಟು ಮೇಲಕ್ಕೆ ಹೋಗುತ್ತಿದ್ದವು! ಈ ಕಟ್ಟಡಕ್ಕೆ ವರ್ಷಕ್ಕೆ ಸರಾಸರಿ 20ರಿಂದ 25 ಸಲ ಸಿಡಿಲು ತಗಲುತ್ತದೆ. ಕೆನಡಾದ ಟೊರಾಂಟೊದಲ್ಲಿರುವ 553 ಮೀಟರ್ ಎತ್ತರದ ಸಿ.ಎನ್. ಟವರ್‌ಗೆ ಸುಮಾರು 75 ಸಲ. 'ಒಮ್ಮೆ ಸಿಡಿಲು ಬಡಿದ ಜಾಗಕ್ಕೆ ಮತ್ತೆ ಬಡಿಯುವುದಿಲ್ಲ' ಎಂದು ಹೇಳುವವರಿಗೆ ಈ ಎರಡು ಲೆಕ್ಕ ಸಾಕು.

ಟೊರಾಂಟೊದಲ್ಲಿ ಫೋಟೊ, ಜೈಪುರದಲ್ಲಿ ಸಾವು

ಇಷ್ಟು ಸಿಡಿಲು ತಿಂದರೂ ಆ ಗೋಪುರಗಳ ವೀಕ್ಷಣಾ ಅಂತಸ್ತಿನಲ್ಲಿ, ಗಾಜಿನ ಹಿಂದೆ ನಿಂತವರಿಗೆ ಏನೂ ಆಗುವುದಿಲ್ಲ. ಸಿ.ಎನ್. ಟವರ್‌ನ ಉದ್ದಕ್ಕೂ ತಾಮ್ರದ ಪಟ್ಟಿಗಳು ಇಳಿದು ನೆಲದಾಳದ ಅರ್ಥಿಂಗ್ ಸರಳುಗಳನ್ನು ಸೇರುತ್ತವೆ. ಎಂಪೈರ್ ಸ್ಟೇಟ್‌ನಲ್ಲಿ ಉಕ್ಕಿನ ಹಂದರವೇ ಆ ಕೆಲಸ ಮಾಡುತ್ತದೆ. ಸಾಮಾನ್ಯ ಸಿಡಿಲಿನಲ್ಲೂ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಅದಕ್ಕೆ ಹೊರಗಡೆಯೇ ಸಲೀಸಾದ ದಾರಿ ಸಿಕ್ಕರೆ ಒಳಗಿನವರ ಗೊಡವೆಗೆ ಬರುವುದಿಲ್ಲ.

ಗುಡ್ಡದ ತುದಿಯ ತೆರೆದ ಕಲ್ಲಿನ ಬುರುಜಿನಲ್ಲಿ ಅಂಥ ದಾರಿ ಇಲ್ಲದಿದ್ದರೆ ಪರಿಸ್ಥಿತಿಯೇ ಬೇರೆ. ಕಲ್ಲು ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದಿಲ್ಲ. ನೆನೆದ ಗೋಡೆ, ನೀರು ನಿಂತ ನೆಲ, ಕಬ್ಬಿಣದ ಕಟಕಟೆ, ಒಬ್ಬರಿಗೊಬ್ಬರು ಅಂಟಿಕೊಂಡು ನಿಂತ ಜನರ ಮೈ, ಸಿಕ್ಕಿದ್ದೆಲ್ಲ ದಾರಿಯಾಗುತ್ತದೆ. ಸಿಡಿಲಿನಿಂದ ಸಾಯುವವರಲ್ಲಿ ನೇರವಾಗಿ ತಲೆಯ ಮೇಲೆ ಬಡಿಸಿಕೊಂಡವರು ಕಡಿಮೆ. ಪಕ್ಕದ ಮರ, ಗೋಡೆ, ಕಂಬದಿಂದ ಮೈಗೆ ಹಾರಿದ್ದು, ನೆಲದಲ್ಲಿ ಹರಡಿ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿದದ್ದು, ಇಂಥವೇ ಹೆಚ್ಚು. ಒಂದೇ ಏಟಿಗೆ ಹಲವರು, ಮರದಡಿ ನಿಂತ ಇಡೀ ದನದ ಹಿಂಡು ಸಾಯುವುದು ಇದರಿಂದಲೇ. ಜೈಪುರದ ದುರಂತದಲ್ಲಿ ಫೋನಿನದು ಏನಾದರೂ ಪಾಲಿದ್ದರೆ ಅದು ಇಷ್ಟೇ ಇರಬೇಕು: ಮಳೆ ಬಂದರೂ ಇಳಿಯುವ ಮನಸ್ಸಾಗದಂತೆ ಜನರನ್ನು ಮೇಲೇ ಹಿಡಿದಿಟ್ಟಿತು.

ಗೋಪುರ ಮತ್ತು ಸಿಡಿಲಿನ ಬಗ್ಗೆ ತಪ್ಪು ನಂಬಿಕೆ ಇವತ್ತಿನದಲ್ಲ. ಚರ್ಚಿನ ಗಂಟೆ ಬಾರಿಸಿದರೆ ಸಿಡಿಲು ಚದುರುತ್ತದೆಂದು ಯೂರೋಪಿನಲ್ಲಿ ಶತಮಾನಗಳ ಕಾಲ ನಂಬಿದ್ದರು. ಗುಡುಗಿದೊಡನೆ ಊರಿನ ಅತಿ ಎತ್ತರದ ಗೋಪುರಕ್ಕೆ ಓಡಿ ಒದ್ದೆ ಹಗ್ಗ ಎಳೆಯುತ್ತಿದ್ದರು. 1784ರಲ್ಲಿ ಮ್ಯೂನಿಕ್‌ನಲ್ಲಿ ಪ್ರಕಟವಾದ ಒಂದು ಪುಸ್ತಕ, ಹೀಗೆ ಗಂಟೆ ಬಾರಿಸುತ್ತ 33 ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರೆಂದು ಲೆಕ್ಕ ಕೊಟ್ಟಿತು. ಅಷ್ಟರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೇಳಿದ್ದ ಮಿಂಚುವಾಹಕ ಬಂದಾಗಿತ್ತು. ವೆನಿಸ್ ನಗರದ ಸೇಂಟ್ ಮಾರ್ಕ್ ಗಂಟೆಗೋಪುರ ಮತ್ತೆ ಮತ್ತೆ ಸಿಡಿಲಿಗೆ ಒಡೆಯುತ್ತಿತ್ತು, 1745ರಲ್ಲಂತೂ ಭಾರಿ ಹಾನಿಯಾಗಿತ್ತು. 1776ರಲ್ಲಿ ಅದಕ್ಕೂ ಮಿಂಚುವಾಹಕ ಹಾಕಿದರು.

ಹಾಗಾದರೆ ಮೊಬೈಲ್ ಮಾತು ಎಲ್ಲಿಂದ ಬಂತು?

2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈದ್ಯರ ಪತ್ರವೊಂದು ಬಂದಿತ್ತು. ಲಂಡನ್ನಿನ ಪಾರ್ಕಿನಲ್ಲಿ ಮೊಬೈಲಿನಲ್ಲಿ ಮಾತಾಡುತ್ತಿದ್ದ 15 ವರ್ಷದ ಹುಡುಗಿಗೆ ಸಿಡಿಲು ಬಡಿದ ಪ್ರಕರಣ ಅದು. ಸಿಡಿಲು ಬಡಿದ ಹೊತ್ತಿನಲ್ಲಿ ಲೋಹದ ವಸ್ತು ಮೈಗೆ ತಾಗಿಕೊಂಡಿದ್ದರೆ ಗಾಯ ಒಳಗಿನವರೆಗೂ ಆಗಬಹುದು ಎಂಬುದು ಅವರ ವಾದ. ಅದು ಸುದ್ದಿಯಾಗಿ ಬಾಯಿಂದ ಬಾಯಿಗೆ ಹೋಗುವಾಗ 'ಫೋನ್ ಸಿಡಿಲನ್ನು ಕರೆಯುತ್ತದೆ' ಎಂದಾಯಿತು. ಎರಡು ಮಾತಿಗೂ ಅಜಗಜಾಂತರ. ಗೋಡೆಯ ಪ್ಲಗ್ಗಿಗೆ ಚಾರ್ಜಿಂಗ್ ಹಾಕಿದ ಫೋನಿನ ಅಪಾಯ ಮಾತ್ರ ನಿಜವೇ. ಲೈನಿಗೆ ಬಡಿದ ಸಿಡಿಲು ವೈರಿಂಗ್ ಹಿಡಿದು ಬರುತ್ತದೆ. ತಂತಿಯಿರುವ ಹಳೆಯ ಲ್ಯಾಂಡ್‌ಲೈನಿಗೂ ಇದೇ ಮಾತು.

ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಫೋನ್ ಆನ್ ಇರುವುದೇ ಒಳ್ಳೆಯದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್‌ಗಳನ್ನು ಮಾಡಿರುವುದೇ ಸುತ್ತಮುತ್ತ ಸಿಡಿಲಿನ ಸಾಧ್ಯತೆ ಇದ್ದರೆ ತಿಳಿಸುವುದಕ್ಕೆ.

ಆ್ಯಪ್ ಇಲ್ಲದಿದ್ದರೆ ಕಿವಿ ಸಾಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಅಂದರೆ ಮುಂದಿನದು ನೀವು ನಿಂತಲ್ಲೇ ಆಗಬಹುದು. ಮೇಲೆ ತೆರೆದಿರುವ ಬುರುಜು, ಕಾವಲು ಗೋಪುರ, ಗುಡ್ಡದ ವ್ಯೂ ಪಾಯಿಂಟ್ ಯಾವುದೇ ಆಗಲಿ, ಎಣಿಸುತ್ತಲೇ ಇಳಿಯಿರಿ. ಇಳಿದು ಮರದಡಿಗೋ ತಗಡಿನ ಚಾವಣಿಯ ಚಹಾದಂಗಡಿಗೋ ಓಡಿದರೆ ಪ್ರಯೋಜನವಿಲ್ಲ. ಪಕ್ಕಾ ಕಟ್ಟಡದ ಒಳಗೆ, ಇಲ್ಲವೇ ಕಿಟಕಿ ಮುಚ್ಚಿದ ಬಸ್ಸು, ಕಾರಿನಲ್ಲಿ ಕೂರಬೇಕು. ವಾಹನದಲ್ಲಿ ಕಾಪಾಡುವುದು ರಬ್ಬರ್ ಟೈರ್ ಅಲ್ಲ, ಸುತ್ತಲಿನ ಲೋಹದ ಕವಚ. ಕಾಲಲ್ಲಿ ರಬ್ಬರ್ ಚಪ್ಪಲಿ ಇದೆ ಎಂಬ ಧೈರ್ಯವೂ ಬೇಡ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದದ್ದಕ್ಕೆ ಅರ್ಧ ಇಂಚಿನ ರಬ್ಬರ್ ಯಾವ ಲೆಕ್ಕ? ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹತ್ತಬೇಡಿ, ಟಿಕೆಟ್ ದುಡ್ಡು ಹೋದರೂ ಸರಿ. ಗೋಡೆ, ಗಾಜಿನಿಂದ ಮುಚ್ಚಿದ, ಮಿಂಚುವಾಹಕವಿರುವ ಗೋಪುರವಾದರೆ ಒಳಗೇ ಇರಬಹುದು. ಕಟಕಟೆ, ಲೋಹದ ಚೌಕಟ್ಟು ಮುಟ್ಟದೆ ದೂರ ನಿಂತರಾಯಿತು.

ಊರಿನಲ್ಲೂ ಇದೇ ನಿಯಮ. ಗೋವಿನಜೋಳದ ಹೊಲದ ನಡುವೆ ನಿಂತವರಿಗೆ ತಾವೇ ಒಂದು ಗೋಪುರ.

ಇನ್ನೊಂದು ಫಾರ್ವರ್ಡ್ ಬಗ್ಗೆಯೂ ಹೇಳಲೇಬೇಕು: ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುತ್ತದೆ, ಮುಟ್ಟಬೇಡಿ, ಸಗಣಿಯಲ್ಲೋ ಮಣ್ಣಿನಲ್ಲೋ ಹೂತರೆ ಇಳಿಯುತ್ತದೆ ಎಂಬುದು. ದೇಶದ ಕೆಲವೆಡೆ ಜನ ಹಾಗೆ ಮಾಡಿ, ಆಸ್ಪತ್ರೆ ಸೇರಿಸುವ ಹೊತ್ತು ಕಳೆದುಕೊಂಡಿದ್ದಾರೆ. ಸಿಡಿಲು ಬಡಿದವರ ಮೈಯಲ್ಲಿ ಯಾವ ಕರೆಂಟೂ ಉಳಿಯುವುದಿಲ್ಲ. ನಿಂತಿರುವುದು ಹೃದಯ ಅಥವಾ ಉಸಿರು, ಎರಡನ್ನೂ ಎಷ್ಟೋ ಸಲ ಮರಳಿಸಬಹುದು. ಮೊದಲು 108ಕ್ಕೆ ಕರೆ ಮಾಡಿ. ಉಸಿರಾಡದಿದ್ದರೆ ಅವರನ್ನು ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಎರಡು ಇಂಚು ಇಳಿಯುವಷ್ಟು ಗಟ್ಟಿಯಾಗಿ ಒತ್ತುತ್ತಿರಿ. ಬಾಯಿಯಿಂದ ಉಸಿರು ಕೊಡಲು ಬಲ್ಲವರಿದ್ದರೆ 30 ಸಲ ಒತ್ತಿದ ಮೇಲೆ ಎರಡು ಸಲ ಕೊಡಲಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ದಣಿದರೆ ಪಕ್ಕದವರು ಮುಂದುವರಿಸಲಿ.