ಕಡಲ ನೋಟ ಯಾರ ಸ್ವತ್ತು?

ಪೆಂಟ್‌ಹೌಸ್ ಎಂಬ ಮಾತು ಓದುಗರ ಕಿವಿಗೂ ಬಿದ್ದಿರಬಹುದು. ಬಹು ಅಂತಸ್ತಿನ ಕಟ್ಟಡದ ನೆತ್ತಿಯ ಮೇಲೆ ಒಂದೇ ಕುಟುಂಬಕ್ಕಾಗಿ ಕಟ್ಟಿಸುವ ಮನೆ ಅದು. ಸುತ್ತಲೂ ನೆಲದಿಂದ ಸೂರಿನವರೆಗೆ ಗಾಜು. ಹೊರಗೆ ತೋಟ, ಈಜುಕೊಳ. ಯಜಮಾನರು ಹಾಸಿಗೆ ಬಿಟ್ಟೇಳುವ ಮೊದಲೇ ಸಮುದ್ರದರ್ಶನ! ಇಂಥ ಮನೆಯನ್ನು ರಚಿಸುವ ಬಗೆಯನ್ನು ಬಣ್ಣದ ಪತ್ರಿಕೆಗಳು ಪುಟಗಟ್ಟಲೆ ಬೋಧಿಸುತ್ತವೆ. ಕಂಬ ಅಡ್ಡ ಬರಬಾರದು, ಅಡಿಗೆಯ ಕೋಣೆ ಕಣ್ಣಿಗೆ ಬೀಳಬಾರದು, ಪಾತ್ರೆ ತೊಳೆಯುವ ಹೆಣ್ಣುಮಗಳು ಬೇರೆ ಲಿಫ್ಟಿನಲ್ಲಿ ಬಂದು ಬೇರೆ ಬಾಗಿಲಿನಿಂದ ಹೋಗಬೇಕು. ದುಡಿಮೆಯನ್ನು ಮರೆಮಾಡಿ ದಿಗಂತವನ್ನು ತೋರಿಸುವುದೇ ಈ ವಿದ್ಯೆಯ ಸಾರ.

ಮಕ್ಕಳಿಗೆ ಗಾಳಿ ಬೆಳಕು ಬೇಕೆನ್ನುವುದು ಪಾಪವಲ್ಲ. ಅದನ್ನು ಬೇಡವೆನ್ನುವ ತಾಯಿ ಯಾವ ಚಾಳಿನಲ್ಲೂ ಇಲ್ಲ. ನಮ್ಮ ಜಗಳ ಕಿಟಕಿಯೊಂದಿಗಲ್ಲ, ಲೆಕ್ಕದೊಂದಿಗೆ. ಆ ಕಿಟಕಿಯ ಕೆಳಗಿನ ನೆಲ ಎಲ್ಲಿಂದ ಬಂತು?

ಮುಂಬೈಯ ಲೆಕ್ಕವನ್ನೇ ನೋಡೋಣ. ಪರೇಲ್, ಲಾಲ್‌ಬಾಗ್, ವರ್ಲಿಗಳ ಬಟ್ಟೆ ಗಿರಣಿಗಳ ಸೀಮೆಗೆ ಜನ ಇಟ್ಟ ಹೆಸರು ಗಿರಣಗಾಂವ್. ಗಿರಣಿಗಳ ಕೈಯಲ್ಲಿದ್ದ ನೆಲ ಸುಮಾರು 600 ಎಕರೆ. ಮಗ್ಗ ನಡೆಸಿದವರು ಮಾತ್ರ ಹತ್ತಡಿಯ ಕೋಣೆಗಳಲ್ಲಿದ್ದರು; ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುತ್ತಿದ್ದ. ಖಾನಾವಳಿಯ ಅಕ್ಕಂದಿರು ಅವರಿಗೆ ಉಣಬಡಿಸಿದರು, ಕಿರಾಣಿ ಅಂಗಡಿಯವನು ಉದ್ದರಿ ಕೊಟ್ಟ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿಯಿತೆಂದು ಯಾರೂ ವಿಧಿವತ್ತಾಗಿ ಸಾರಲೇ ಇಲ್ಲ. ಅನೇಕ ಗಿರಣಿಗಳ ಬಾಗಿಲು ಮತ್ತೆ ತೆರೆಯಲಿಲ್ಲ. ಖಾನಾವಳಿಯ ಒಲೆ ಆರಿತು. ಅಂಗಡಿಯವನ ಉದ್ದರಿ ಪುಸ್ತಕ ಹಾಗೆಯೇ ಉಳಿಯಿತು.

ಆಮೇಲೆ ಮಾಲೀಕರಿಗೆ ಜ್ಞಾನೋದಯವಾಯಿತು: ಬಟ್ಟೆಗಿಂತ ನೆಲಕ್ಕೆ ಬೆಲೆ ಹೆಚ್ಚು! 1991ರ ನಿಯಮ ಒಂದು ನ್ಯಾಯವನ್ನೇನೋ ಹೇಳಿತ್ತು. ಗಿರಣಿಯ ನೆಲ ಅಭಿವೃದ್ಧಿಯಾಗುವಾಗ ಮೂರರಲ್ಲೊಂದು ಪಾಲು ನಗರಸಭೆಯ ಬಯಲಿಗೆ, ಇನ್ನೊಂದು ಪಾಲು ಬಡವರ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಸರಕಾರ ಅದನ್ನು ತಿದ್ದಿತು. ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಮೂರು ಪಾಲು ಮಾಡಿದರೆ ಸಾಕಂತೆ! ಗಿರಣಿಯೆಂದರೆ ಬಹುಪಾಲು ಶೆಡ್ಡುಗಳೇ ಅಲ್ಲವೆ? ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ದೊಡ್ಡವನು ಬದುವನ್ನು ಮಾತ್ರ ಅಳೆದು ಕೊಟ್ಟಂತಾಯಿತು. 2005ರಲ್ಲಿ ಮುಂಬೈ ಉಚ್ಚ ನ್ಯಾಯಾಲಯ ಜನರ ಪಾಲನ್ನು ಎತ್ತಿ ಹಿಡಿಯಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿ, ತಿದ್ದುಪಡಿಯನ್ನೇ ಮಾನ್ಯಮಾಡಿತು.

ಫಲವೇನು? ಶ್ರೀನಿವಾಸ ಮಿಲ್ಲು ಇದ್ದಲ್ಲಿ ಇಂದು ವರ್ಲ್ಡ್ ಒನ್ ಎಂಬ 280 ಮೀಟರ್ ಎತ್ತರದ ಗೋಪುರ ನಿಂತಿದೆ. ಅದರ ಒಳಾಲಂಕಾರಕ್ಕೆ ಇಟಲಿಯ ಅರ್ಮಾನಿಯವರ ಹೆಸರು! ಇತ್ತ ಮಗ್ಗ ನಡೆಸಿದವರಿಗೆ 2012ರಲ್ಲಿ ಚೀಟಿ ಎತ್ತಿ ಕೊಟ್ಟ ಮನೆಗಳು 6,925. ಒಂದೊಂದರ ಅಳತೆ 225 ಚದರ ಅಡಿ. ಮನೆ ಬೇಡಿದವರೋ ಒಂದೂವರೆ ಲಕ್ಷಕ್ಕೂ ಮಿಕ್ಕಿದವರು. ಬಹುಪಾಲು ಜನ ಇನ್ನೂ ಕಾಯುತ್ತಲೇ ಇದ್ದಾರೆ. ಊರಾಚೆಯ ಶೇಲು, ವಾಂಗಣಿಗಳಿಗೆ ಹೋಗಿರೆಂದರೆ ಒಪ್ಪದೆ 2025ರ ಜುಲೈನಲ್ಲಿ ಆಜಾದ್ ಮೈದಾನದಲ್ಲಿ ನೆರೆದರು. ತಮ್ಮ ಬೆವರು ಬಿದ್ದ ಮುಂಬೈಯಲ್ಲೇ ಮನೆ ಕೊಡಿ ಎಂಬುದು ಅವರ ಬೇಡಿಕೆ. ಇದು ದುರಾಸೆಯೆ? ಉಳುವವನಿಗೆ ಭೂಮಿ ಎಂದು ಕಾನೂನು ಮಾಡಿದ ದೇಶ, ನೂತವನಿಗೊಂದು ಕೋಣೆ ಎಂದರೆ ಬೆಚ್ಚುವುದೇಕೆ?

ಗೋಪುರದ ತುದಿಯಿಂದ ಕಾಣುವ ಕಡಲನ್ನು ಯಾವ ಶಿಲ್ಪಿಯೂ ಕಟ್ಟಲಿಲ್ಲ, ಯಾವ ಮಾಲೀಕನೂ ಅಗೆಯಲಿಲ್ಲ. ಆದರೂ ಮಹಡಿ ಏರಿದಂತೆ ನೋಟಕ್ಕೆ ದರ ಏರುತ್ತದೆ. ಎಲ್ಲರಿಗೂ ಬಯಲಾಗಬೇಕಿದ್ದ ನೆಲ ಕೆಲವರ ಕಿಟಕಿಗೆ ಕಾಲುಮಣೆಯಾಯಿತು. ಕೆಳಗಿನ ಚಾಳಿನ ಮಗುವಿಗೆ ಚೆಂಡಾಡಲು ಓಣಿಯೇ ಗತಿ.

ಇದು ದೂರದ ಮುಂಬೈಯ ಮಾತೆಂದು ಸುಮ್ಮನಿರಬೇಡಿ. ನಮ್ಮ ದಾವಣಗೆರೆಯನ್ನೂ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಗಿರಣಿಯ ಕೊಳವೆ ತಣ್ಣಗಾದ ಊರಿನಲ್ಲೆಲ್ಲ ಅಳತೆಯ ಪಟ್ಟಿ ಹಿಡಿದು ಬರುವವರಿದ್ದಾರೆ. ಅವರು ಬಂದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಖಾಲಿ ಮೂಲೆಯನ್ನಲ್ಲ, ಇಡೀ ನೆಲವನ್ನು ಅಳೆದು ಮೂರು ಪಾಲು ಮಾಡುವಿರಾ? ಓಟು ಕೇಳಲು ಬರುವವರಿಗೂ ಇದನ್ನೇ ಕೇಳಿ. ದುಡಿದವನ ಪಾಲು ಮೊದಲು ಇತ್ಯರ್ಥವಾಗಲಿ. ಆಮೇಲೆ ಯಾರು ಎಷ್ಟು ಎತ್ತರ ಏರಿ ಕಡಲು ನೋಡಿದರೂ ನಮಗೆ ಹೊಟ್ಟೆಯುರಿಯಿಲ್ಲ.