ಹಳೇ ಟ್ರೇಲರ್‌ಗೆ ಹೊಸ ಬಣ್ಣ: ದುಡ್ಡು ಕೊಡೋ ಮುಂಚೆ ಕೆಳಗೆ ಬಗ್ಗಿ ನೋಡಿ

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಕೊಳ್ಳುವಾಗ ನಮ್ಮ ಹುಡುಗರು ಮೆಕ್ಯಾನಿಕ್‌ನ ಕರೆದುಕೊಂಡು ಹೋಗ್ತಾರೆ, ಇಂಜಿನ್ ಸದ್ದು ಕೇಳ್ತಾರೆ, ಹೊಗೆ ಬಣ್ಣ ನೋಡ್ತಾರೆ. ಅದೇ ಟ್ರೇಲರ್ ಆದರೆ? "ಅದ್ರಲ್ಲಿ ನೋಡೋಕೆ ಏನಿದೆ, ಚಕ್ರದ ಮೇಲೆ ಒಂದು ಡಬ್ಬ" ಅಂತ ಮೊಬೈಲಲ್ಲಿ ಫೋಟೊ ನೋಡಿಯೇ ಅಡ್ವಾನ್ಸ್ ಕಳಿಸಿಬಿಡ್ತಾರೆ. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಲೋಡ್ ತುಂಬಿದ ಟ್ರೇಲರ್ ಕೊಂಡಿ ಕಳಚಿದರೆ ಅದು ನಿಲ್ಲುವುದಿಲ್ಲ, ಹಿಂದೆ ಬರುವ ಬೈಕಿನವನ ಮೇಲೆ ಹೋಗುತ್ತದೆ.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮು ಮುಗಿದ ಮೇಲೆ ಹಳೇ ಟ್ರೇಲರ್‌ಗಳು ಮಾರಾಟಕ್ಕೆ ಬರುತ್ತವೆ. ಹಂಗಾಮಿನುದ್ದಕ್ಕೂ ಮಿತಿಮೀರಿ ಲೋಡ್ ಹೊತ್ತ ಗಾಡಿಗೂ ಒಂದು ಕೋಟ್ ಬಣ್ಣ ಹೊಡೆದರೆ ಹೊಸದರಂತೆ ಕಾಣುತ್ತದೆ. ಆದ್ದರಿಂದ ಬಣ್ಣ ನೋಡಬೇಡಿ. ಹಗಲು ಹೊತ್ತು ಹೋಗಿ, ಮೊಬೈಲ್ ಟಾರ್ಚ್ ಹಾಕಿ ಕೆಳಗೆ ಬಗ್ಗಿ.

ಮೊದಲು ಡ್ರಾಬಾರ್. ಎತ್ತಿನ ಗಾಡಿಗೆ ಮೂಕಿ ಇದ್ದಂತೆ ಇದು. ಪಿನ್ ಕೂರುವ ತೂತು ಸವೆದು ಮೊಟ್ಟೆಯಾಕಾರ ಆಗಿದೆಯಾ? ಡ್ರಾಬಾರ್ ಚಾಸಿಗೆ ಸೇರುವ ಜಾಗದಲ್ಲಿ ಬಿರುಕು, ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಇದೆಯಾ? ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಆಮೇಲೆ ಚಕ್ರ. ಖಾಲಿ ಟ್ರೇಲರ್‌ಗೆ ಜಾಕ್ ಕೊಟ್ಟು ಎತ್ತಿಸಿ, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ, ತಿರುಗಿಸಿದಾಗ ಕರಕರ ಸದ್ದು ಬಂದರೆ ಬೇರಿಂಗ್ ಕೆಲಸ ಇದೆ ಅಂತ ಅರ್ಥ. ಟೈರ್ ಒಂದೇ ಕಡೆ ಸವೆದಿದ್ದರೆ ಆಕ್ಸಲ್ ಬಾಗಿರಬಹುದು. ಎರಡು ಚಕ್ರದ ಟ್ರೇಲರ್ ಆದರೆ ಪಿನ್ ತೂತಿನಿಂದ ಎಡ ಚಕ್ರಕ್ಕೆ, ಬಲ ಚಕ್ರಕ್ಕೆ ಟೇಪ್ ಹಿಡಿಯಿರಿ. ಅಳತೆ ಸಮ ಬರಬೇಕು. ಟೈರ್ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ತಳದ ಶೀಟನ್ನು ಕೆಳಗಿನಿಂದ ಸುತ್ತಿಗೆಯಲ್ಲಿ ತಟ್ಟಿ. ಗೊಬ್ಬರ, ಹಸಿ ಮರಳು ಹೊತ್ತ ಗಾಡಿ ಒಳಗೊಳಗೇ ತುಕ್ಕು ತಿಂದಿರುತ್ತದೆ. ಟಿಪ್ಪಿಂಗ್ ಇದ್ದರೆ ಡಬ್ಬ ಎತ್ತಿಸಿ ಹತ್ತು ನಿಮಿಷ ಬಿಡಿ, ತಾನಾಗಿ ಇಳಿಯಬಾರದು. ಆ ಹೊತ್ತಿನಲ್ಲಿ ಯಾರೂ ಅದರ ಕೆಳಗೆ ಹೋಗಬಾರದು.

ಈಗ ಪೇಪರ್ ಮಾತು. "ಊರಲ್ಲಿ ಯಾರ ಟ್ರೇಲರ್‌ಗೆ ಪೇಪರ್ ಇದೆ ಬಿಡಣ್ಣ" ಅನ್ನೋರು ಬಹಳ ಜನ. ಆದರೆ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ಚಾಸಿ ಮೇಲೆ ಕೊರೆದ ನಂಬರ್ ಆರ್‌ಸಿಯಲ್ಲಿ ಇರೋದಕ್ಕೆ ತಾಳೆಯಾಗಬೇಕು. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೇಳಿ. ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಮಾರುವವರಿಂದ ಸಹಿ ಮಾಡಿಸಿಕೊಂಡೇ ಪೂರ್ತಿ ದುಡ್ಡು ಕೊಡಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರುವವರು "ಆಮೇಲೆ ಮಾಡ್ಕೊಡ್ತೀನಿ" ಅಂದರೆ ಒಂದು ಮಾತು ಹೇಳಿ: ವರ್ಗಾವಣೆ ಆಗದ ವಾಹನದಿಂದ ಅಪಘಾತ ಆದರೆ ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರೇ ಬೇಗ ಸಹಿ ಹಾಕ್ತಾರೆ.

ಟ್ರ್ಯಾಕ್ಟರ್‌ಗೆ ವಿಮೆ ಇದ್ದ ಮಾತ್ರಕ್ಕೆ ಟ್ರೇಲರ್‌ಗೂ ಇದೆ ಅಂದುಕೊಳ್ಳಬೇಡಿ. ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯಾ ಓದಿ ನೋಡಿ. ಅಪಘಾತ ಆಗಿ, ವಿಮೆ ಇಲ್ಲ ಅಂತಾದರೆ ಪರಿಹಾರ ಕಟ್ಟೋಕೆ ಮಾರಬೇಕಾಗೋದು ಹೊಲ.

ಪೇಪರ್ ಇಲ್ಲದ ಟ್ರೇಲರ್ ಅರ್ಧ ಬೆಲೆಗೆ ಸಿಕ್ಕರೂ ನನ್ನ ಲೆಕ್ಕದಲ್ಲಿ ಅದು ದುಬಾರಿ. ಪೇಪರ್ ಸರಿ ಇದ್ದು ಕಬ್ಬಿಣದಲ್ಲಿ ಸಣ್ಣಪುಟ್ಟ ಕೆಲಸ ಇದ್ದರೆ ಹೆದರಬೇಡಿ. ಟೈರ್, ಬೇರಿಂಗ್, ಶೀಟ್ ಖರ್ಚನ್ನು ಒಂದು ಚೀಟಿಯಲ್ಲಿ ಬರೆದು, ಅಷ್ಟನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ.

ಮನೆಗೆ ತಂದ ದಿನವೇ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಲೈಟ್ ವೈರ್ ಜೋಡಿಸಿ, ಡ್ರಾಬಾರ್‌ಗೆ ಒಂದು ಸುರಕ್ಷತಾ ಸರಪಳಿ ಹಾಕಿ. ಮೊದಲ ಲೋಡ್ ಆಮೇಲೆ.